ಕಾಣದವರ ಕೋಣೆ

ಸಣ್ಣಿ ತನ್ನ ಅಕ್ಕನ ಜೊತೆ ಮಾತು ಬಿಟ್ಟು ಒಂದು ವರ್ಷ ಒಂಬತ್ತು ತಿಂಗಳಾಗಿತ್ತು. ಜಗಳವಾಡಿ ಬಿಟ್ಟದ್ದಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಮುನಿಸು ಮೂರು ದಿನ ಇರುತ್ತಿತ್ತು, ನಾಲ್ಕನೆಯ ದಿನ ಇಬ್ಬರಲ್ಲೊಬ್ಬಳು ಸೋತು ಫೋನು ಮಾಡಿ "ಊಟ ಆಯ್ತೇನೇ" ಅಂದುಬಿಟ್ಟರೆ ಮುಗಿಯುತ್ತಿತ್ತು. ಇದು ಕಾಗದದ ಮೇಲೆ ಸಹಿ ಹಾಕಿ ಬಿಟ್ಟ ಮಾತು. ಎರಡು ಬಸ್ಸು ಬದಲಾಯಿಸಿದರೆ ಅಕ್ಕನ ಮನೆ. ಬಸ್ಸುಗಳು ದಿನಾ ಓಡಾಡುತ್ತಿದ್ದವು, ಸಣ್ಣಿ ಮಾತ್ರ ಹತ್ತುವಂತಿರಲಿಲ್ಲ.

ಅವಳ ಕೆಲಸ ಒಂದು ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಆರೇ ಜನರ ಕಚೇರಿ. ಕಣ್ಣು ಕಾಣದವರು ಬೆರಳಲ್ಲಿ ಓದುವ ಬ್ರೈಲ್ ಪುಸ್ತಕಗಳನ್ನು ದಪ್ಪ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಒತ್ತಿ ಕೊಡುವ ಯಂತ್ರಗಳಿವೆಯಲ್ಲ, ಅವಕ್ಕೆ ಬುದ್ಧಿ ಹೇಳುವ ತಂತ್ರಾಂಶವನ್ನು ಅಲ್ಲಿ ಬರೆಯುತ್ತಿದ್ದರು. ಹದಿನೈದು ವರ್ಷದ ಹಿಂದೆಯೇ ಒಂದು ದೊಡ್ಡ ಕಂಪನಿ ಅಂಥದ್ದನ್ನು ಮಾಡಿತ್ತು. ಯಂತ್ರದಿಂದ ಕೆಲಸ ತೆಗೆಯಲು ಅದರಲ್ಲಿ ಇನ್ನೂರ ಹದಿನೇಳು ಹೆಸರುಗಳಿದ್ದವು. 'ಬಾಗಿಲು ತಟ್ಟು' ಅಂದರೆ ಯಂತ್ರ ತಯಾರಿದೆಯೋ ಇಲ್ಲವೋ ವಿಚಾರಿಸಬೇಕು. 'ಉಸಿರು ಹಿಡಿ' ಅಂದರೆ ಇದ್ದಲ್ಲೇ ನಿಲ್ಲಬೇಕು. 'ಮಗ್ಗುಲಾಗು' ಅಂದರೆ ಹಾಳೆ ಮಗುಚಿ ಬೆನ್ನಿಗೂ ಅಕ್ಷರ ಒತ್ತಬೇಕು. ಎಷ್ಟೋ ಶಾಲೆಯ ಮೇಷ್ಟ್ರುಗಳು, ಗ್ರಂಥಾಲಯದವರು ಈ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು, ತಮ್ಮ ತಮ್ಮ ಪುಸ್ತಕಗಳಿಗೆ ಹೊಂದುವಂತೆ ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನು ಬರೆದಿಟ್ಟುಕೊಂಡಿದ್ದರು. ಆಮೇಲೆ ಕಂಪನಿಗೆ ಅದರಲ್ಲಿ ಆಸಕ್ತಿ ಹೊರಟುಹೋಯಿತು. ಹಳೆಯದನ್ನು ಇನ್ನು ನೋಡಿಕೊಳ್ಳುವುದಿಲ್ಲ ಅಂದುಬಿಟ್ಟರು. ಹೊಸ ಕಂಪ್ಯೂಟರುಗಳಲ್ಲಿ ಅದು ಎದ್ದೇಳಲೇ ಇಲ್ಲ. ಮೇಷ್ಟ್ರುಗಳ ಪ್ರೋಗ್ರಾಮುಗಳು ಕರೆಯುತ್ತಲೇ ಇದ್ದವು, ಓಗೊಡುವವರಿರಲಿಲ್ಲ.

ಸಣ್ಣಿಯ ಕಚೇರಿ ಹೊರಟದ್ದು ಇಷ್ಟಕ್ಕೆ: ಹೆಸರುಗಳು ಅವೇ ಇರಲಿ, ಕರೆದಾಗ ನಡೆಯುವ ಕೆಲಸವನ್ನೆಲ್ಲ ನಾವೇ ಹೊಸದಾಗಿ ಬರೆಯೋಣ. ದೊಡ್ಡ ಕಂಪನಿಗೆ ಸುಳಿವು ಸಿಕ್ಕಿದ್ದೇ ತಡ, ಮೊಕದ್ದಮೆ ಬಂತು. ಹೆಸರುಗಳೂ ನಮ್ಮವು, ಅವನ್ನು ಜೋಡಿಸಿದ ರೀತಿಯೂ ನಮ್ಮದು, ಹಕ್ಕುಸ್ವಾಮ್ಯ ನಮ್ಮದು ಅನ್ನುವುದು ಅವರ ವಾದ.

ಆ ಇನ್ನೂರ ಹದಿನೇಳು ಹೆಸರುಗಳನ್ನು ಇಟ್ಟವಳು ಅಕ್ಕ.

ಆಗ ಅಕ್ಕ ಆ ಕಂಪನಿಯಲ್ಲಿ ಹೊಸ ಹುಡುಗಿ, ಸಣ್ಣಿಗೆ ಹನ್ನೆರಡು. ಅಪ್ಪ ಅಮ್ಮ ಇಲ್ಲದ ಇಬ್ಬರನ್ನೂ ಅಜ್ಜಿ ಸಾಕುತ್ತಿದ್ದಳು. ಸಂಜೆ ಮನೆಗೆ ಬಂದವಳೇ ಅಕ್ಕ ಚಪ್ಪಲಿ ಕೂಡ ಬಿಚ್ಚದೆ ಮಂಚದ ತುದಿಯಲ್ಲಿ ಕೂತು, "ಲೇ, 'ಮಗ್ಗುಲಾಗು' ಅಂದ್ರೆ ಏನು ಮಾಡ್ತೀಯೇ?" ಅನ್ನುವಳು. ಸಣ್ಣಿ ಹೊರಳಿ ಹೊರಳಿ ಮಂಚದಿಂದ ಕೆಳಗೆ ಬೀಳುವಳು. "ಸರಿ ಇದೆ ಹೆಸರು," ಅಂತ ಅಕ್ಕ ಚೀಟಿಯಲ್ಲಿ ಬರೆದುಕೊಳ್ಳುವಳು. ಹನ್ನೆರಡು ವರ್ಷದವಳಿಗೆ ಮೈಯಲ್ಲಿ ಅರ್ಥವಾಗದ ಹೆಸರು ಹೆಸರೇ ಅಲ್ಲ ಅನ್ನುವುದು ಅವಳ ನಂಬಿಕೆ. ಅರ್ಧಕ್ಕರ್ಧ ಹೆಸರುಗಳನ್ನು ಅವಳು ಅಜ್ಜಿಯ ಕಥೆಗಳಿಂದಲೇ ಹೆಕ್ಕಿಕೊಂಡಿದ್ದಳು. ಯಂತ್ರ ಒಳಗೊಳಗೇ ಅದನ್ನೆಲ್ಲ ಹೇಗೆ ಮಾಡುತ್ತದೆಂದು ಅಕ್ಕ ಹೇಳಲಿಲ್ಲ, ಸಣ್ಣಿ ಕೇಳಲಿಲ್ಲ. ಮುಂದೆ ಕಂಪನಿ ಅವಳ ತಂಡವನ್ನೇ ಮುಚ್ಚಿದಾಗ ಅಕ್ಕ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡಲು ಹೋದಳು. ಹೆಸರುಗಳ ವಿಷಯ ಮತ್ತೆ ಎತ್ತಲಿಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗಿ ಬಟ್ಟೆ ಮಡಿಸುತ್ತಿದ್ದಳು.

ಈ ಕಚೇರಿಗೆ ಸೇರುವ ದಿನ ಸಣ್ಣಿಯನ್ನು ಪ್ರಶ್ನೆ ಕೇಳಿದವರು ಕಚೇರಿಯ ಮೊಕದ್ದಮೆ ನೋಡಿಕೊಳ್ಳುತ್ತಿದ್ದ ವಕೀಲಮ್ಮ. ಐವತ್ತು ದಾಟಿದ ಹೆಂಗಸು. ಓದುವಾಗ ಪ್ರತಿ ಸಾಲಿನ ಕೆಳಗೂ ಮರದ ಸ್ಕೇಲು ಇಟ್ಟುಕೊಂಡೇ ಓದುವವರು.

"ಹಳೇ ಪ್ರೋಗ್ರಾಮಿನ ಒಳಗನ್ನ ನೀವು ಯಾವತ್ತಾದ್ರೂ ನೋಡಿದ್ದೀರಾ?"

"ಇಲ್ಲ."

"ನಿಮ್ಮ ಮನೇಲಿ ಯಾರಾದ್ರೂ?"

"ನಮ್ಮಕ್ಕ. ಬರೆದದ್ದೇ ಅವಳು."

ವಕೀಲಮ್ಮ ಸ್ಕೇಲನ್ನು ಕೆಳಗಿಟ್ಟರು. ಪಕ್ಕದಲ್ಲಿ ಕೂತಿದ್ದ ಕಚೇರಿಯ ಯಜಮಾನನ ಕಡೆ ತಿರುಗಿದರು. ಎದೆವರೆಗೂ ಇಳಿದ ಗಡ್ಡವಿದ್ದ ಅವನನ್ನು ಎಲ್ಲರೂ ಗಡ್ಡಣ್ಣ ಅನ್ನುತ್ತಿದ್ದರು. "ಏನಪ್ಪಾ, ಇಷ್ಟು ದೊಡ್ಡ ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ ನಿನಗೆ?"

"ಸಿಕ್ಕಿದ್ರು ಮೇಡಂ. ಅವರಿಗೆ ಆ ಹೆಸರುಗಳು ಬರೀ ಹೆಸರು. ಇವಳಿಗೆ ಅವುಗಳ ಮನಸ್ಸು ಗೊತ್ತು."

ಗಡ್ಡಣ್ಣ ಕಚೇರಿಯನ್ನು ಎರಡು ಪಾಲು ಮಾಡಿದ್ದ. ರಸ್ತೆ ಕಡೆಯದು ಕಂಡವರ ಕೋಣೆ. ಅಲ್ಲಿದ್ದವರು ಹಳೆಯ ಪ್ರೋಗ್ರಾಮನ್ನು ಬಿಚ್ಚಿ ನೋಡಿದವರು. ಯಾವ ಹೆಸರು ಕರೆದರೆ ಏನಾಗಬೇಕು ಅನ್ನುವುದಷ್ಟನ್ನೇ ಅವರು ಚೀಟಿಯಲ್ಲಿ ಬರೆಯಬಹುದು. ಹೇಗೆ ಆಗುತ್ತದೆ ಅನ್ನುವುದರ ಬಗ್ಗೆ ಉಸಿರೆತ್ತುವಂತಿಲ್ಲ. ಹಿತ್ತಿಲ ಕಡೆಯದು ಕಾಣದವರ ಕೋಣೆ. ಅಲ್ಲಿರುವವರು ಚೀಟಿ ಓದಿ ತಮ್ಮ ಬುದ್ಧಿಯಿಂದಲೇ ಹೊಸದಾಗಿ ಬರೆಯುವವರು. ನಡುವಿನ ಕಿಟಕಿಗೆ ದಪ್ಪ ಪರದೆ. ಪ್ರತಿ ಚೀಟಿಯೂ ವಕೀಲಮ್ಮನ ಸ್ಕೇಲಿನ ಕೆಳಗೆ ಹಾದೇ ಬರಬೇಕು. ನೀರು ಕುಡಿಯಲು ಕೂಡ ಎರಡು ಕೋಣೆಯವರು ಬೇರೆ ಬೇರೆ ಹೊತ್ತಿಗೆ ಹೋಗುತ್ತಿದ್ದರು.

"ಅಕ್ಕನ ಜೊತೆ ಕೆಲಸದ ಮಾತಾಡೋದಿಲ್ಲ ಅಂದ್ರೆ ಸಾಲದು," ಅಂದರು ವಕೀಲಮ್ಮ. "ಏನು ಮಾತಾಡಿದ್ರಿ ಅಂತ ನಾಳೆ ನ್ಯಾಯಾಧೀಶರು ಕೇಳಿದ್ರೆ? 'ಹವಾಮಾನದ ಬಗ್ಗೆ ಸ್ವಾಮಿ' ಅಂದ್ರೆ ಯಾರು ನಂಬ್ತಾರೆ? ಮಾತೇ ಇಲ್ಲ, ಪತ್ರವೇ ಇಲ್ಲ. ನೀವು ಇಲ್ಲಿ ಬರೆಯೋಷ್ಟು ದಿನ."

ಆವತ್ತು ಕೊನೆಯ ಸಲ ಅಕ್ಕನಿಗೆ ಫೋನು ಮಾಡಿದಳು. "ಎಷ್ಟು ದಿನ?" ಅಂದಳು ಅಕ್ಕ.

"ಆರು ತಿಂಗಳಂತೆ."

"ಹೋಗು ಮತ್ತೆ. ನಾನೇನು ಓಡಿಹೋಗ್ತೀನಾ."

ಆರು ತಿಂಗಳು ಮೊಕದ್ದಮೆಯ ಕೈಗೆ ಸಿಕ್ಕು ರಬ್ಬರಿನ ಹಾಗೆ ಹಿಗ್ಗಿತು. ಕೆಲಸ ಬಿಟ್ಟರೆ ಅವತ್ತೇ ಮಾತು ಸಿಗುತ್ತಿತ್ತು, ಅದು ಸಣ್ಣಿಗೂ ಗೊತ್ತು. ಆದರೆ ಅವಳು ಒಂದು ಆಸೆ ಕಟ್ಟಿಕೊಂಡಿದ್ದಳು. ಇನ್ನೂರ ಹದಿನೇಳು ಹೆಸರುಗಳೂ ಮತ್ತೆ ಓಗೊಡುವಂತೆ ಮಾಡಿ, ಆಮೇಲೆ ಅಕ್ಕನ ಮನೆಗೆ ಹೋಗಿ, "ಕರಿ ನೋಡೋಣ, ಯಾವುದನ್ನಾದ್ರೂ ಕರಿ" ಅನ್ನಬೇಕು. ಅಕ್ಕ ಎದ್ದು ಬಟ್ಟೆ ಮಡಿಸಲು ಹೋಗಬಾರದು. ಅದಕ್ಕಾಗಿ ದಿನಕ್ಕೆ ನೂರು ಸಲ ಅಕ್ಕನ ಹೆಸರುಗಳನ್ನು ಟೈಪು ಮಾಡುತ್ತ, ಪ್ರತಿಯೊಂದನ್ನೂ ಅಕ್ಕನ ದನಿಯಲ್ಲೇ ಕೇಳಿಸಿಕೊಳ್ಳುತ್ತ ಕೂರುತ್ತಿದ್ದಳು. ಸೋಮವಾರ ಬಂತೆಂದರೆ ವಕೀಲಮ್ಮನ ಪುಸ್ತಕದಲ್ಲಿ ಬರೆಯಬೇಕು: ಅಕ್ಕನ ಜೊತೆ ಮಾತು, ಇಲ್ಲ. ಪತ್ರ, ಇಲ್ಲ. ಒಂದು ಸಲ ಮಾತ್ರ ಬೇರೆ ಬರೆದಳು. ಸಂತೆಬೀದಿಯ ಕೂಡುರಸ್ತೆಯಲ್ಲಿ ಸಿಗ್ನಲ್ಲಿಗೆ ನಿಂತಿದ್ದಾಗ ಆಚೆ ಬದಿಯಲ್ಲಿ ಅಕ್ಕ, ಕಂಕುಳಲ್ಲಿ ಮಕ್ಕಳ ನೋಟುಪುಸ್ತಕದ ಕಟ್ಟು. ನಡುವೆ ವಾಹನಗಳು. ದೀಪ ಹಸಿರಾಗಿ ಜನರೆಲ್ಲ ದಾಟಿದರು, ಇವರಿಬ್ಬರು ಮಾತ್ರ ತಮ್ಮ ತಮ್ಮ ಬದಿಯಲ್ಲೇ ನಿಂತರು. ದೀಪ ಮತ್ತೆ ಕೆಂಪಾಯಿತು. 'ರಸ್ತೆಯಲ್ಲಿ ಕಂಡೆ. ನಕ್ಕೆ. ಅವಳೂ. ಮಾತಿಲ್ಲ,' ಎಂದು ಬರೆದಳು. ವಕೀಲಮ್ಮ ಆ ಸಾಲಿನ ಕೆಳಗೆ ಸ್ಕೇಲಿಟ್ಟು ಎರಡು ಸಲ ಓದಿ ಪುಟ ತಿರುವಿದರು.

ಇಬ್ಬರ ನಡುವೆ ಓಡಾಡಲು ಉಳಿದಿದ್ದವಳು ಅಜ್ಜಿ ಒಬ್ಬಳೇ. ಹದಿನೈದು ದಿನ ಅಕ್ಕನ ಮನೆ, ಹದಿನೈದು ದಿನ ಸಣ್ಣಿಯ ಮನೆ. ಇದು ತಿಳಿದ ವಕೀಲಮ್ಮ ಒಂದು ಭಾನುವಾರ ತಾವೇ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು.

"ಅಜ್ಜಿ, ನೀವು ಆ ಮನೆ ಸುದ್ದಿ ಈ ಮನೆಗೆ ತರಬಾರದು."

"ಯಾಕಮ್ಮಾ? ಅವಳೇನು ಶತ್ರುವಾ?"

"ಅವಳು ಒಳಗೇನಿದೆ ಅಂತ ಕಂಡವಳು. ಇವಳು ಕಾಣದೆ ಬರೀಬೇಕು. ಹೆಸರುಗಳನ್ನ ತಗೊಂಡಿದ್ದೀವಿ, ಅದನ್ನ ನಾವು ಮುಚ್ಚಿಡ್ತಿಲ್ಲ. ಜನರ ನಾಲಿಗೆಗೆ ಅಂಟಿದ ಹೆಸರು, ಅವನ್ನೇ ಬದಲಾಯಿಸಿದ್ರೆ ಮೇಷ್ಟ್ರುಗಳು ಬರೆದಿದ್ದೆಲ್ಲ ನೀರು ಪಾಲು. ಅದಕ್ಕೇ ಇದು ನ್ಯಾಯವಾದ ಬಳಕೆ ಅಂತ ನಮ್ಮ ವಾದ. ಆದ್ರೆ ಹೆಸರಿನ ಹಿಂದಿನ ಕೆಲಸ ಮಾತ್ರ ಪೂರ್ತಿ ನಮ್ಮದೇ ಇರಬೇಕು. ಅದರಲ್ಲಿ ಒಂದೆಳೆ ಅವರದ್ದು ಸೇರಿದ್ರೂ ಎಲ್ಲಾ ಕೆಟ್ಟುಹೋಗುತ್ತೆ."

"ನನ್ನ ಕಥೆಗಳೂ ನಮ್ಮಮ್ಮ ಹೇಳಿದ್ದೇ," ಅಂದಳು ಅಜ್ಜಿ. "ರಾಕ್ಷಸನ ಹೆಸರು ಅದೇ. ಆದ್ರೆ ಅವಳ ರಾಕ್ಷಸ ಮಕ್ಕಳನ್ನ ತಿಂತಿದ್ದ, ನನ್ನವನಿಗೆ ಹಲ್ಲಿಲ್ಲ. ಗಂಜಿ ಕುಡೀತಾನೆ. ನನ್ನ ಮೇಲೂ ಕೇಸು ಹಾಕ್ತಾರಾ?"

ವಕೀಲಮ್ಮ ನಗು ತಡೆಯಲಾರದೆ, "ಇಲ್ಲ ಅಜ್ಜಿ, ನಿಮ್ಮನ್ನೇ ಸಾಕ್ಷಿಗೆ ಕರೀತೀನಿ," ಅಂದರು.

"ಸುದ್ದಿ ತರಲ್ಲ, ಬಿಡು. ಮೊಮ್ಮಗಳಿಗೆ ಕಥೆ ಹೇಳಬಹುದು ತಾನೇ?"

"ಕಥೆಗೇನು? ಧಾರಾಳವಾಗಿ ಹೇಳಿ."

ಅಷ್ಟೇ ಬೇಕಾಗಿತ್ತು ಅಜ್ಜಿಗೆ. ಮುಂದಿನ ಸಲ ಬಂದವಳು ಚೀಲವನ್ನು ಗೋಡೆಗೊರಗಿಸಿ, ಕಾಲು ನೀಡಿ ಕೂತು ಶುರು ಮಾಡಿದಳು: "ಕೇಳು. ಏಳು ಬೆಟ್ಟದಾಚೆ ಒಬ್ಬಳು ರಾಜಕುಮಾರಿ. ಗಣಿತದಲ್ಲಿ ಗಟ್ಟಿಗಿತ್ತಿ. ಅವಳಿಗೆ ಬಲಗಡೆ ದವಡೆ ಹಲ್ಲು ನೋವು. ಆಸ್ಥಾನದ ವೈದ್ಯರು ಕಿತ್ತುಹಾಕಿದ್ರು. ಈಗ ಪರವಾಗಿಲ್ಲ, ಮೆತ್ತಗಿನ ಅನ್ನ ಊಟ ಮಾಡ್ತಾಳೆ."

ಸಣ್ಣಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. "ರಾಜಕುಮಾರಿ ಅತ್ತಳಾ?"

"ಅಳೋದಾ! ವೈದ್ಯನಿಗೇ ಬೈದಳು."

ಹೀಗೆ ರಾಜಕುಮಾರಿಗೆ ಕೆಮ್ಮು ಬಂತು, ಹೋಯಿತು. ಅರಮನೆಯ ತಾರಸಿ ಸೋರಿತು. ರಾಜಕುಮಾರಿ ಕಣ್ಣಿಗೆ ಹೊಸ ಚಾಳೀಸು ಹಾಕಿಸಿಕೊಂಡಳು, ಅದರಲ್ಲಿ ಗೂಬೆ ಹಾಗೆ ಕಾಣುತ್ತಾಳೆ. ಅಜ್ಜಿಯ ಚೀಲದಲ್ಲಿ ಅಕ್ಕನ ಮನೆಯ ಸಾಬೂನಿನ ವಾಸನೆ ಬರುತ್ತಿತ್ತು. ಅಜ್ಜಿ ಸ್ನಾನಕ್ಕೆ ಹೋದಾಗ ಸಣ್ಣಿ ಆ ಚೀಲದ ಬಾಯಿ ತೆರೆದು ಮೂಗಿಟ್ಟು ಕೂರುತ್ತಿದ್ದಳು. ವಾಸನೆ ಮಾತಲ್ಲವಲ್ಲ.

ಕೆಲಸ ಸಾಗಿತು. ಇನ್ನೂರ ಹದಿನೇಳರಲ್ಲಿ ಇನ್ನೂರ ಏಳು ಹೆಸರುಗಳು ಓಗೊಡತೊಡಗಿದವು. ಉಳಿದ ಹತ್ತರಲ್ಲಿ ಮೊದಲನೆಯದು 'ಮಗ್ಗುಲಾಗು'. ಅಲ್ಲಿ ಸಣ್ಣಿ ಸಿಕ್ಕಿಕೊಂಡಳು.

ಹಾಳೆಯ ಮುಂದೂ ಹಿಂದೂ ಚುಕ್ಕಿ ಒತ್ತಬೇಕೆಂದರೆ, ಹಿಂದಿನ ಚುಕ್ಕಿಗಳು ಮುಂದಿನವುಗಳ ನಡುವಿನ ಸಂದಿಯಲ್ಲೇ ಬೀಳಬೇಕು. ಕೂದಲೆಳೆ ಆಚೀಚೆಯಾದರೆ ಒಂದರ ತಲೆಯ ಮೇಲೊಂದು ಕೂತು ಎರಡೂ ಚಪ್ಪಟೆ. ಒಣ ಹಾಳೆಯಲ್ಲಿ ಸಣ್ಣಿಯದು ಸರಿಯಾಗಿಯೇ ಬರುತ್ತಿತ್ತು. ತೇವದ ದಿನ ಕಾಗದ ಉಬ್ಬುತ್ತದೆ, ಅಂಚಿನಿಂದ ಹಾಕಿದ ಅಳತೆಯೆಲ್ಲ ತಪ್ಪುತ್ತದೆ. ಚೀಟಿಯಲ್ಲಿ ಬರೆದಿದ್ದದ್ದು ಇಷ್ಟೇ: 'ಹಾಳೆ ಹೇಗೇ ಇರಲಿ, ಎರಡೂ ಬದಿ ಓದಲು ಬರಬೇಕು.'

ಪುಟಗಳನ್ನು ಪರೀಕ್ಷಿಸಲು ಬುಧವಾರಗಳಂದು ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಹುಟ್ಟಿದಾಗಿನಿಂದ ಕಣ್ಣಿಲ್ಲ, ಅವರನ್ನು ಎಲ್ಲರೂ ಬೆರಳು ಮೇಷ್ಟ್ರು ಅನ್ನುತ್ತಿದ್ದರು. ಮೊದಲ ದಿನ ಯಾವ ಕೋಣೆಯಲ್ಲಿ ಕೂರುತ್ತೀರಿ ಎಂದು ಗಡ್ಡಣ್ಣ ಕೇಳಿದ್ದಕ್ಕೆ, "ಕಾಣದವರ ಕೋಣೆ ಅಂತ ಬೋರ್ಡು ಬೇರೆ ಹಾಕಿದ್ದೀಯಂತೆ, ಇಷ್ಟು ಮರ್ಯಾದೆ ನನಗೆ ಎಲ್ಲೂ ಸಿಕ್ಕಿರಲಿಲ್ಲ ಕಣಯ್ಯಾ," ಅಂದು ಸಣ್ಣಿಯ ಮೇಜಿನ ಪಕ್ಕವೇ ಕುರ್ಚಿ ಎಳೆದುಕೊಂಡಿದ್ದರು.

ತೇವದ ಹಾಳೆಯ ಮೇಲೆ ಬೆರಳಾಡಿಸಿ ಅವರು ಮೂಗು ಮುರಿದರು. "ಈ ಪುಟಕ್ಕೆ ನೆಗಡಿಯಾಗಿದೆ. 'ಮನೆ' ಅಂತ ಓದೋಕೆ ಹೋದ್ರೆ 'ಮ' ಅನ್ನೋಷ್ಟರಲ್ಲಿ ಹಿಂದಿನ ಪುಟದವನು ಬಂದು ಮೈಮೇಲೆ ಬೀಳ್ತಾನೆ."

"ಮುಂದಿನ ವಾರ ಸರಿ ಮಾಡಿರ್ತೀನಿ ಮೇಷ್ಟ್ರೇ."

"ಹೋದ ವಾರಾನೂ ನೀನು ಇದನ್ನೇ ಹೇಳಿದ್ದೆ ತಾಯಿ."

ಆರು ಬುಧವಾರ ಹೀಗೇ ಹೋದವು. ಸಣ್ಣಿ ನಾಲ್ಕು ರೀತಿ ಬರೆದು ನಾಲ್ಕನ್ನೂ ಅಳಿಸಿದಳು. ಅಕ್ಕನನ್ನು ಒಂದೇ ಒಂದು ಮಾತು ಕೇಳಿಬಿಟ್ಟರೆ, ಅನ್ನಿಸುತ್ತಿತ್ತು. ಉತ್ತರಕ್ಕಿಂತ ಹೆಚ್ಚಾಗಿ, ಉತ್ತರ ಹೇಳುವ ಮುಂಚೆ ಅಕ್ಕ ಕೆಳತುಟಿ ಕಚ್ಚಿಕೊಂಡು ಯೋಚಿಸುವುದನ್ನು ನೋಡಬೇಕೆಂದು.

ಏಳನೆಯ ವಾರ ಅಜ್ಜಿ ಬಂದಳು. ಸಂಜೆ ಸಣ್ಣಿ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಕಥೆ ಶುರುವಾಯಿತು.

"ಕೇಳು. ಒಂದು ಅರಮನೆ. ಅದಕ್ಕೆ ಉಸಿರಾಟ ಇತ್ತು. ಮೋಡ ಬಂದಾಗ ಗೋಡೆಗಳು ಉಬ್ಬೋವು, ಬಿಸಿಲು ಬಂದಾಗ ಕುಗ್ಗೋವು. ಗೋಡೆಯ ಹೊರಗಡೆ ಸಾಲಾಗಿ ದೀಪ ನೇತುಹಾಕಿದ್ರು. ರಾಜ ಅಂದ, ಒಳಗಡೇನೂ ದೀಪ ಹಾಕಿ, ಆದ್ರೆ ಹೊರಗಿನ ದೀಪದ ಮೊಳೆಗೆ ಒಳಗಿನ ಮೊಳೆ ತಾಗಬಾರದು. ಬಂದವರೆಲ್ಲ ಬಾಗಿಲಿಂದ ಅಳೆದು ಅಳೆದು ಮೊಳೆ ಹೊಡೆದು ಸೋತರು. ಗೋಡೆ ಉಬ್ಬಿರೋದು! ಆಗ ರಾಜಕುಮಾರಿ ಬಂದ್ಲು—"

"ಹೇಗಿದ್ಳು ಅಜ್ಜಿ? ತೆಳ್ಳಗಾಗಿದ್ಳಾ?"

"ಸ್ವಲ್ಪ. ಬಂದ್ಲು. ಅಳೀಲೇ ಇಲ್ಲ. ಮೂಲೇಲಿ ಒಂದು ತೆಳ್ಳನೆ ಸೂಜಿ ಚುಚ್ಚಿ, ಒಳಗಡೆ ಹೋಗಿ, ಅದರ ಮೊನೆ ಎಲ್ಲಿ ಬಂತು ಅಂತ ಬೆರಳಲ್ಲಿ ಮುಟ್ಟಿ ನೋಡಿದ್ಲು. 'ನನ್ನ ಅಳತೆಯೆಲ್ಲ ಇಲ್ಲಿಂದ' ಅಂದ್ಲು. ಮುಗೀತು."

"ತಲೆಕೂದಲು? ಬಿಳಿ ಬಂದಿದೆಯಾ ರಾಜಕುಮಾರಿಗೆ?"

"ಕಿವಿ ಹತ್ತಿರ ಒಂದೆರಡು."

ಸಣ್ಣಿ ಆ ಒಂದೆರಡು ಬಿಳಿ ಕೂದಲನ್ನೇ ನೆನೆಯುತ್ತ ಎಣ್ಣೆ ತಿಕ್ಕಿದಳು. ಈ ಕಥೆಯಲ್ಲಿ ಕೆಮ್ಮಿಲ್ಲ, ಹಲ್ಲುನೋವಿಲ್ಲ, ಇದೆಂಥ ಸಪ್ಪೆ ಕಥೆ ಅಂತಲೂ ಅನ್ನಿಸಿತು. ಸುದ್ದಿಗಾಗಿ ಕಥೆಯ ಮೈಯೆಲ್ಲ ತಡಕುತ್ತಿದ್ದವಳಿಗೆ ಕಥೆಯೇ ಕಾಣಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಮೇಜಿನ ಮುಂದೆ ಕೂತಾಗ ಅವಳಿಗೊಂದು ಉಪಾಯ ಹೊಳೆಯಿತು. ಮೊದಲು ಹಾಳೆಯ ಮೂಲೆಯಲ್ಲಿ ಒಂದು ತೆಳು ಚುಕ್ಕಿ ಒತ್ತಿದರೆ? ಯಂತ್ರದಲ್ಲಿ ಹಾಳೆಯನ್ನು ತಡವುವ ಒಂದು ಸಣ್ಣ ಕಡ್ಡಿಯಿತ್ತು. ಮಗುಚಿದ ಮೇಲೆ ಅದರಿಂದ ಚುಕ್ಕಿ ಎಲ್ಲಿದೆಯೆಂದು ಹುಡುಕಿ, ಅಲ್ಲಿಂದಲೇ ಅಳತೆ ಶುರು ಮಾಡಿದರೆ? ಸಂಜೆಯೊಳಗೆ ಬರೆದು ಮುಗಿಸಿದಳು. ತೇವದ ಹಾಳೆಗಳು ಒಂದಾದ ಮೇಲೊಂದು ಹೊರಬಂದವು, ಒಂದೂ ತಪ್ಪಲಿಲ್ಲ. ಗಡ್ಡಣ್ಣ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಣಿದ. ಅಷ್ಟು ಸಂತೋಷದಲ್ಲಿ ಅವಳು ಎಷ್ಟೋ ದಿನಗಳ ಮೇಲೆ ಹಾಡಿಕೊಂಡು ಮನೆಗೆ ಹೋದಳು.

ಬುಧವಾರ ಬೆರಳು ಮೇಷ್ಟ್ರು ಹಾಳೆಯ ಮೇಲೆ ಕೈಯಿಟ್ಟರು. ಬೆರಳು ಸಾಲಿನುದ್ದ ಓಡಿತು, ಮಗುಚಿದರು, ಓಡಿತು. ಆಮೇಲೆ ಮೇಲಿನ ಎಡಮೂಲೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು.

"ಏನು ತಾಯಿ, ಹಳೇ ಯಂತ್ರದ ಪುಟ ತಂದಿಟ್ಟು ನನ್ನನ್ನ ಪರೀಕ್ಷೆ ಮಾಡ್ತಿದ್ದೀಯಾ?"

"ಇಲ್ಲ ಮೇಷ್ಟ್ರೇ. ನಿನ್ನೆ ನಾನೇ ಒತ್ತಿದ್ದು."

"ಸುಳ್ಳು. ಮೂಲೇಲಿ ಒಂಟಿ ಚುಕ್ಕಿ ಇದೆಯಲ್ಲ, ಇದ್ದೂ ಇಲ್ಲದ ಹಾಗೆ. ಹಳೇ ಯಂತ್ರದ ಎಲ್ಲಾ ಪುಟದಲ್ಲೂ ಇರ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ, ಪುಸ್ತಕ ತೆಗೆದ ಕೂಡ್ಲೇ ಅದನ್ನ ಮುಟ್ಟಿ ಮಾತಾಡಿಸಿ ಆಮೇಲೆ ಓದೋಕೆ ಶುರು ಮಾಡ್ತಿದ್ದೆ. ಎಷ್ಟು ವರ್ಷ ಆಗಿತ್ತು..." ಮೇಷ್ಟ್ರು ಆ ಮೂಲೆಯನ್ನು ಮತ್ತೆ ಸವರಿದರು.

ಸಣ್ಣಿಗೆ ಅಜ್ಜಿಯ ಕಥೆ ನೆನಪಾಯಿತು. ಗೋಡೆ, ಸೂಜಿ, ಮೊನೆಯನ್ನು ಮುಟ್ಟಿದ ಬೆರಳು. ಅದು ತನಗೆ ಹೊಳೆದದ್ದಲ್ಲ. ಅಕ್ಕ ಕಳಿಸಿದ್ದು. ಈ ಜಾಗಕ್ಕೆ ಬಂದಾಗ ತಂಗಿ ಸಿಕ್ಕಿಕೊಳ್ಳುತ್ತಾಳೆಂದು ಅಲ್ಲಿ ಕೂತ ಅಕ್ಕನಿಗೆ ಗೊತ್ತಿತ್ತು. ದಿನ ಲೆಕ್ಕ ಹಾಕಿದ್ದಳು, ಅಜ್ಜಿಯ ಬಾಯಲ್ಲಿ ಹೊಂದುವಂತೆ ಕಥೆ ಹೊಲಿದಿದ್ದಳು. ಇಷ್ಟು ದಿನ ತಾನೊಬ್ಬಳೇ ಈ ಕಡೆ ಕೂತು ಹಂಬಲಿಸುತ್ತಿದ್ದೇನೆ ಅಂದುಕೊಂಡಿದ್ದಳಲ್ಲ! ಸಣ್ಣಿಗೆ ಮೊದಲು ಬಂದದ್ದು ಭಯವಲ್ಲ, ಖುಷಿ. ಭಯ ಆಮೇಲೆ ಬಂತು.

ಸುಮ್ಮನಿರಬಹುದಿತ್ತು. ಮೇಷ್ಟ್ರು ಯಾರಿಗೂ ಹೇಳುವವರಲ್ಲ. ಉಳಿದ ಒಂಬತ್ತು ಹೆಸರುಗಳು ಸುಲಭದವು, ಮಳೆಗಾಲದೊಳಗೆ ಮುಗಿದುಹೋಗುತ್ತಿತ್ತು. ಆದರೆ 'ಇದೆಲ್ಲ ನನ್ನದೇ ಬುದ್ಧಿ' ಎಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಬೇಕಾದವಳು ತಾನು. ಕಂಪನಿಯವರು ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ಮೂಲೆ ತೋರಿಸಿದರೆ? ಇನ್ನೂರ ಹದಿನೇಳೂ ಹೋಗುತ್ತವೆ, ಕಥೆ ಕಳಿಸಿದ ಅಕ್ಕನೂ ಸಿಕ್ಕಿಬೀಳುತ್ತಾಳೆ. ಹೇಳಿಬಿಟ್ಟರೆ? ಕಥೆ ನಿಲ್ಲುತ್ತದೆ. ಬರೆಯುವುದೂ ನಿಲ್ಲುತ್ತದೆ.

ಊಟದ ಹೊತ್ತಿಗೆ ವಕೀಲಮ್ಮನ ಮುಂದೆ ಹೋಗಿ ನಿಂತಳು. ನಿಂತೇ ಹೇಳಿದಳು, ಅರಮನೆಯಿಂದ ಹಿಡಿದು ಸೂಜಿಯವರೆಗೆ. ವಕೀಲಮ್ಮ ಡಬ್ಬಿಯ ಮುಚ್ಚಳ ಹಾಕಿದರು.

"ಕಥೆ ಹೇಳಿ ಅಂತ ಬಾಯಿಬಿಟ್ಟು ಅನುಮತಿ ಕೊಟ್ಟವಳು ನಾನೇ," ಅಂದರು. "ಇಪ್ಪತ್ತೆಂಟು ವರ್ಷದ ವಕೀಲಿಕೆ, ಒಬ್ಬಳು ಅಜ್ಜಿ ಮುಂದೆ ಮಣ್ಣುಪಾಲು."

"ಅಕ್ಕನಿಗೆ ಏನಾದ್ರೂ ಆಗುತ್ತಾ ಮೇಡಂ?"

"ಅದನ್ನ ಬಳಸಿದ್ರೆ ಆಗುತ್ತೆ. ಬಳಸದೆ ಕಿತ್ತುಹಾಕಿದ್ರೆ ಅದು ಬರೀ ಕಥೆ. ನಿನ್ನೆ ಬರೆದದ್ದನ್ನ ಇವತ್ತೇ ತೆಗೆದು ಲಕೋಟೆಗೆ ಹಾಕಿ ಮೊಹರು ಮಾಡ್ತೀನಿ. ಯಾಕೆ ತೆಗೆದೆವು ಅಂತ ಬರೆದಿಡ್ತೀನಿ, ಕೇಳಿದ್ರೆ ತೋರಿಸ್ತೀನಿ. ಬೇರೆ ಯಾರಾದ್ರೂ, ಏನೂ ಕೇಳದವರು, 'ಮಗ್ಗುಲಾಗು' ಹೊಸದಾಗಿ ಬರೀಲಿ."

"ಆ ಚುಕ್ಕಿ ಹಳೇ ಪುಟಗಳಲ್ಲಿ ಇದ್ದೇ ಇದೆಯಂತೆ. ಮೇಷ್ಟ್ರ ಬೆರಳಿಗೆ ಸಿಕ್ಕಿದೆ."

"ಹಾಗಾದ್ರೆ ಹೊಸಬರು ಪುಟ ಮುಟ್ಟಿ ಅದನ್ನ ಕಂಡುಹಿಡೀಲಿ, ತಪ್ಪಿಲ್ಲ. ಚುಕ್ಕಿ ಒಂದೇ. ಬಂದ ದಾರಿ ಬೇರೆ. ನಾಳೆ ನಾನು ವಾದ ಮಾಡಬೇಕಾಗಿರೋದು ದಾರಿಯ ಬಗ್ಗೆ."

ಸಣ್ಣಿ ತಲೆಯಾಡಿಸಿದಳು. "ನಾನು?"

"ನೀವೀಗ ಕಂಡವರು." ವಕೀಲಮ್ಮನ ದನಿ ಮೆತ್ತಗಾಯಿತು. "ಒಂದಕ್ಷರ ಬರೆಯೋ ಹಾಗಿಲ್ಲ. ನಾಳೆಯಿಂದ ರಸ್ತೆ ಕಡೆ ಕೋಣೆ. ಚೀಟಿ ಬರೆಯೋದು."

"ಉಳಿದ ಒಂಬತ್ತು..."

"ಅವೂ ಹೊಸಬರಿಗೆ."

ಸಣ್ಣಿ ಬಾಗಿಲವರೆಗೆ ಹೋದಾಗ ವಕೀಲಮ್ಮ ಹಿಂದಿನಿಂದ ಕರೆದರು. "ಮಾತಾಡಬಾರದು ಅನ್ನೋ ಷರತ್ತು ಬರೆಯೋರಿಗೆ ಹಾಕಿದ್ದು. ನೀವೀಗ ಬರೆಯೋರಲ್ಲವಲ್ಲ. ಹೊಸಬರಿಗೆ ಮಾತ್ರ ಏನೂ ದಾಟಿಸಬೇಡಿ, ಅಷ್ಟೇ." ಸ್ಕೇಲು ಎತ್ತಿಕೊಂಡು ಯಾವುದೋ ಕಾಗದದ ಮೇಲೆ ಕಣ್ಣು ನೆಟ್ಟರು.

ಶನಿವಾರ ಮಧ್ಯಾಹ್ನ ಸಣ್ಣಿ ಎರಡು ಬಸ್ಸು ಹತ್ತಿದಳು. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದದ್ದೆಲ್ಲ ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಉದುರಿಹೋಯಿತು. ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದ ಅಜ್ಜಿ ಬಾಗಿಲು ತೆರೆದು, ಸೊಂಟದ ಮೇಲೆ ಕೈಯಿಟ್ಟು, "ನೀನೇ ಬಂದುಬಿಟ್ರೆ ಇನ್ನು ನನ್ನ ಕಥೆ ಕೇಳೋರು ಯಾರೇ?" ಅಂದಳು.

ಅಕ್ಕ ನೆಲದ ಮೇಲೆ ನೋಟುಪುಸ್ತಕಗಳ ಮಧ್ಯೆ ಕೂತಿದ್ದಳು, ಕೈಯಲ್ಲಿ ಕೆಂಪು ಪೆನ್ನು. ಚಾಳೀಸಿನಲ್ಲಿ ನಿಜಕ್ಕೂ ಗೂಬೆಯ ಹಾಗೇ ಇದ್ದಳು. ದಿನಕ್ಕೆ ನೂರು ಸಲ ಕೇಳಿಸಿಕೊಂಡ ದನಿಗಿಂತ ಅವಳ ದನಿ ಒಡಕಾಗಿತ್ತು, ದಪ್ಪವಾಗಿತ್ತು.

"ಊಟ ಆಯ್ತೇನೇ?"

"ಇಲ್ಲ."

"ಹೋಗು, ಕೈ ತೊಳಿ." ಆದರೆ ತಾನೇ ಏಳಲಿಲ್ಲ. ಸಣ್ಣಿ ಹೋಗಿ ಅವಳ ಪಕ್ಕ ಕೂತಳು. ಭುಜಕ್ಕೆ ಭುಜ ತಾಗಿತು. ಸ್ವಲ್ಪ ಹೊತ್ತು ಇಬ್ಬರೂ ಯಾರದೋ ಮಗುವಿನ ತಪ್ಪು ಭಾಗಾಕಾರವನ್ನು ನೋಡುತ್ತ ಕೂತರು.

"ಹೇಳಿಬಿಟ್ಯಂತೆ," ಅಂದಳು ಅಕ್ಕ.

"ಹ್ಞೂಂ. ಯಾಕೆ ಕಳಿಸಿದೆ?"

"'ಮಗ್ಗುಲಾಗು' ಒಂದಕ್ಕೇ ನನಗೆ ಹನ್ನೊಂದು ತಿಂಗಳು ಹಿಡಿದಿತ್ತು. ಊಟ ಸೇರ್ತಿರಲಿಲ್ಲ. ನಿನಗೂ ಸೇರ್ತಿರೋದಿಲ್ಲ ಅನ್ನಿಸ್ತು." ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ತಪ್ಪು ಮಾಡಿದೆ ಕಣೇ. ನಿನ್ನ ಕೆಲಸಾನೇ ಕಿತ್ತುಕೊಂಡೆ."

"ಒಂಬತ್ತು ಉಳಿದಿತ್ತು ಅಕ್ಕಾ. ಬರೀ ಒಂಬತ್ತು. ಎಲ್ಲಾ ಮುಗಿಸಿ ನಿನ್ನ ಹತ್ರ ಬರಬೇಕು ಅಂತಿದ್ದೆ."

ಅಕ್ಕ ಎದ್ದು ಹೋಗಲಿಲ್ಲ. ಮಡಿಸದ ಬಟ್ಟೆ ಕುರ್ಚಿಯ ಮೇಲೆ ರಾಶಿ ಬಿದ್ದಿತ್ತು, ಅದರ ಕಡೆ ನೋಡಲೂ ಇಲ್ಲ. "ಯಾವ ಒಂಬತ್ತು?" ಅಂದಳು. ಸಣ್ಣಿ ಒಂದೊಂದಾಗಿ ಹೇಳಿದಳು. ಪ್ರತಿ ಹೆಸರಿಗೂ ಅಕ್ಕ, ತುಂಬಾ ದಿನದ ಮೇಲೆ ಯಾರೋ ಪರಿಚಯದವರ ಕ್ಷೇಮಸಮಾಚಾರ ಕೇಳುವವಳ ಹಾಗೆ, ಹ್ಞೂಂ, ಹ್ಞೂಂ ಅಂದಳು.

"ಅವನ್ನ ಈಗ ಯಾರು ಬರೀತಾರೆ?"

"ಹೊಸ ಹುಡುಗಿ ಬಂದಿದ್ದಾಳೆ. ಗುರುವಾರ ಸೇರಿದ್ಲು. ನನ್ನ ಕುರ್ಚೀಲಿ ಕೂರ್ತಾಳೆ."

"ಅವಳಿಗೆ ಹೇಳು, 'ಮಗ್ಗುಲಾಗು' ಹತ್ರ ಬಂದಾಗ—" ಅಕ್ಕ ಥಟ್ಟನೆ ನಿಲ್ಲಿಸಿ ಬಾಯಿಗೆ ಕೈಯಡ್ಡ ಹಿಡಿದಳು.

ಒಳಗಿನಿಂದ ಅಜ್ಜಿ ತಟ್ಟೆ ಇಡುವ ಸದ್ದು ಬಂತು.

"ಹೇಗಿದ್ದಾಳೆ ಆ ಹುಡುಗಿ?" ಅಂದಳು ಅಕ್ಕ. "ಚುರುಕಾ? ಗಾಬರಿ ಬೀಳೋ ಪೈಕಿನಾ?"

"ನಂಗೆ ಹೇಗೆ ಗೊತ್ತಾಗಬೇಕು? ಕಿಟಕಿಗೆ ಪರದೆ ಇದೆಯಲ್ಲ. ನಿನ್ನೆ ಮಧ್ಯಾಹ್ನ ಒಂದು ಸಲ ಕೆಮ್ಮಿದ್ಲು."

"ಕೆಮ್ಮಿದ್ಲಾ?" ಅಂದಳು ಅಕ್ಕ. ಕೆಳತುಟಿ ಕಚ್ಚಿಕೊಂಡು ಯೋಚಿಸಿದಳು. "ಆ ಕೋಣೇಲಿ ಥಂಡಿ ಜಾಸ್ತಿನಾ?"